ಸಂಘ ಕೆಟ್ಟಿದೆ ಅನ್ನಿಸಿದಾಗ ಎಲ್ಲಿಂದ ಹುಡುಕಬೇಕು: ಸ್ವಸಹಾಯ ಸಂಘಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ಸ್ವಸಹಾಯ ಸಂಘವೊಂದು ಕುಂಟತೊಡಗಿದರೆ ಊರಿನಲ್ಲಿ ಮೊದಲು ಕೇಳುವ ಪ್ರಶ್ನೆ "ಯಾರು ಮಾಡಿದ್ದು?" ಬ್ಯಾಂಕು, ಲೆಕ್ಕ ನೋಡಿಕೊಳ್ಳಲು ಸಂಘ ಆರಿಸಿದ ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬಳು ದುಡ್ಡು ತಿಂದಳು ಅಂತಾರೆ. ಇಲ್ಲವೇ ಆ ಕೇರಿಯವರು ಕಂತು ಕಟ್ಟುವವರಲ್ಲ ಅಂತಾರೆ. ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಕೂರಿಸುತ್ತಾರೆ. ಆರು ತಿಂಗಳಲ್ಲಿ ಮತ್ತೆ ಅದೇ ಜಗಳ, ಹೆಸರು ಮಾತ್ರ ಬೇರೆ.

ನಾನು ಸಂಘಗಳ ಪುಸ್ತಕ ನೋಡುವ, ಸಭೆಗಳಲ್ಲಿ ಕೂರುವ ಕೆಲಸದಲ್ಲಿ ವರ್ಷಗಳಿಂದ ಇದ್ದೇನೆ. ನಿಜವಾಗಿ ದುಡ್ಡು ತಿಂದವರನ್ನೂ ನೋಡಿದ್ದೇನೆ. ಆದರೆ ಅದಕ್ಕಿಂತ ಜಾಸ್ತಿ ಕಂಡಿದ್ದು ಇದು: ಒಂದು ವಿಷಯ ಒಬ್ಬರಿಗೆ ಗೊತ್ತಿರುತ್ತದೆ, ಗೊತ್ತಾಗಬೇಕಾದವರಿಗೆ ತಲುಪಿರುವುದಿಲ್ಲ. ಆ ಖಾಲಿ ಜಾಗವನ್ನು ಅನುಮಾನ ತುಂಬುತ್ತದೆ. ಅದಕ್ಕೇ ಇಲ್ಲಿ ಹೇಳುವ ಕ್ರಮದಲ್ಲಿ ಜನರ ಗುಣ ಕೊನೆಗೆ ಬರುತ್ತದೆ. ಮಾತು ಎಲ್ಲಿ ನಿಂತಿದೆ ಎಂದು ಹುಡುಕುವುದು ಮೊದಲು.

ಕರ್ನಾಟಕದಲ್ಲಿ ಈ ಸಂಘಗಳ ಕತೆಯೇ ಇಂಥದ್ದೊಂದು ಒಡಕಿನಿಂದ ಶುರುವಾಯಿತು. 1980ರ ದಶಕದ ಮಧ್ಯದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಬೆಂಬಲಿಸುತ್ತಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಸದಸ್ಯರಿಗೆ ಆ ದೊಡ್ಡ ಸಂಘದ ಮೇಲೆ ನಂಬಿಕೆ ಉಳಿದಿರಲಿಲ್ಲ, ಆದರೆ ಒಬ್ಬರ ಮೇಲೊಬ್ಬರಿಗೆ ಇತ್ತು. ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದರು. ಆ ಗುಂಪುಗಳಲ್ಲೇ ಸಾಲ ಮರುಪಾವತಿ ಮಾಡಿಕೊಳ್ಳಿ ಎಂದು ಮೈರಾಡ ಹೇಳಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ರಾಜ್ಯದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ 2011ರಲ್ಲಿ. ನಮ್ಮಲ್ಲಿ ಅದು ಸಂಜೀವಿನಿ ಎಂದು ಪರಿಚಿತ. ಯೋಜನೆಗಳು ಬದಲಾದರೂ ಕೆಳಗಿನ ಘಟಕ ಹಾಗೇ ಇದೆ: 10ರಿಂದ 20 ಜನ, ಒಂದು ಚಾಪೆ, ಒಂದು ಪುಸ್ತಕ.

ಲಕ್ಷಣ ಬರೆದುಕೊಳ್ಳಿ

"ಒಗ್ಗಟ್ಟಿಲ್ಲ" ಅನ್ನುವುದು ಲಕ್ಷಣವಲ್ಲ, ಅದು ತೀರ್ಪು. ಅದರಿಂದ ಏನೂ ಹುಡುಕಲಾಗುವುದಿಲ್ಲ. ಕಣ್ಣಿಗೆ ಕಂಡಿದ್ದನ್ನು ಬರೆಯಿರಿ. ಸಭೆಗೆ ಏಳೇ ಜನ ಬರುತ್ತಿದ್ದಾರೆ. ಉಳಿತಾಯದ ದುಡ್ಡನ್ನು ಮಕ್ಕಳ ಕೈಲಿ ಕಳಿಸುತ್ತಾರೆ. ಸಾಲದ ವಿಷಯ ಬಂದಾಗ ಎಲ್ಲರೂ ನೆಲ ನೋಡುತ್ತಾರೆ. ಸಭೆ ಮುಗಿದ ಮೇಲೆ ಬಾವಿಕಟ್ಟೆ ಹತ್ತಿರ ಇನ್ನೊಂದು ಸಭೆ ನಡೆಯುತ್ತದೆ. ಇವು ಲಕ್ಷಣ.

ಆಮೇಲೆ ಒಂದು ಪ್ರಶ್ನೆ: ಯಾವಾಗಿನಿಂದ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಸರಿ ಇದ್ದ ಸಂಘ ಸುಮ್ನೆ ಕೆಡುವುದಿಲ್ಲ, ಅದಕ್ಕೆ ಸ್ವಲ್ಪ ಮುಂಚೆ ಏನೋ ಬದಲಾಗಿರುತ್ತದೆ. ಮೊದಲ ದೊಡ್ಡ ಬ್ಯಾಂಕ್ ಸಾಲ ಬಂದಿರಬಹುದು. ಪುಸ್ತಕ ಬರೆಯುತ್ತಿದ್ದ ಹುಡುಗಿ ಮದುವೆಯಾಗಿ ಹೋಗಿರಬಹುದು. ಸಭೆ ದೇವಸ್ಥಾನದ ಜಗಲಿಯಿಂದ ಪ್ರತಿನಿಧಿಯ ಮನೆಗೆ ಬಂದಿರಬಹುದು. ಪಂಚಾಯ್ತಿ ಚುನಾವಣೆ ನಡೆದು ಇಬ್ಬರು ಸದಸ್ಯೆಯರ ಮನೆಯವರು ಎದುರಾಬದುರಾ ನಿಂತಿರಬಹುದು. ಬದಲಾದದ್ದನ್ನು ತಿಂಗಳಿನ ಜೊತೆ ಬರೆದಿಟ್ಟುಕೊಳ್ಳಿ.

ಪುಸ್ತಕ ಮಾತಾಡುತ್ತದೆ

ಜನರನ್ನು ಕೇಳುವ ಮೊದಲು ನಡಾವಳಿ ಪುಸ್ತಕ, ಅಂದರೆ ಪ್ರತಿ ಸಭೆಯಲ್ಲಿ ನಡೆದದ್ದನ್ನು ಬರೆದು ಸಹಿ ಹಾಕಿಸುವ ಪುಸ್ತಕ, ತೆಗೆಯಿರಿ. ಪುಸ್ತಕಕ್ಕೆ ಯಾರ ಹಂಗೂ ಇಲ್ಲ. ಒಂದು ವರ್ಷದ ಪುಟ ತಿರುವಿ, ಲೆಕ್ಕ ಕೂಡಬೇಡಿ, ಸುಮ್ನೆ ಓದಿ.

ಎಲ್ಲ ಸಹಿಗಳೂ ಒಂದೇ ಕೈಯಲ್ಲಿದ್ದರೆ ಸಭೆ ನಡೆದಿಲ್ಲ ಎಂದು ಅರ್ಥ. ಪ್ರತಿ ಪುಟದಲ್ಲೂ ಅದೇ ನಾಲ್ಕು ಸಾಲು ನಕಲಾಗಿದ್ದರೆ ಸಭೆ ನಡೆದಿದೆ, ಮಾತು ನಡೆದಿಲ್ಲ. ಸಾಲ ಪಡೆದವರ ಪಟ್ಟಿಯಲ್ಲಿ ಅವೇ ಐದು ಹೆಸರು ತಿರುಗುತ್ತಿದ್ದರೆ ಉಳಿದವರು ಕೇಳಿಲ್ಲವೋ, ಕೇಳಿದ್ದು ಬರೆದಿಲ್ಲವೋ ನೋಡಬೇಕು. ಇನ್ನೊಂದು ಗುರುತು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ವರ್ಷವಿಡೀ ಒಂದೂ ಭಿನ್ನಾಭಿಪ್ರಾಯ, ಒಂದೂ ತಿರಸ್ಕರಿಸಿದ ಅರ್ಜಿ, ಒಂದೂ ತಡವಾದ ಕಂತು ದಾಖಲಾಗಿಲ್ಲ ಅಂದರೆ ಆ ಸಂಘದ ಬಗ್ಗೆ ನನಗೆ ಗಾಬರಿಯಾಗುತ್ತದೆ.

ಇದು ನನ್ನೊಬ್ಬರ ಅನುಭವವಲ್ಲ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳ ನರ್ಸಿಂಗ್ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ನೋಡಿದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕ ಉಲ್ಟಾ ಬಂತು. ಹೊಂದಿಕೊಂಡು ಕೆಲಸ ಮಾಡುವ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲು ಹೆದರಿಕೆ ಇರಲಿಲ್ಲ, ಅಷ್ಟೇ. ಬೇರೆ ಕಡೆ ತಪ್ಪು ಮುಚ್ಚಿಹೋಗುತ್ತಿತ್ತು. ನಡಾವಳಿ ಪುಸ್ತಕ ತುಂಬಾ ನುಣುಪಾಗಿದ್ದರೆ ಅದನ್ನೂ ಒಂದು ಲಕ್ಷಣ ಎಂದೇ ಬರೆದುಕೊಳ್ಳಿ.

ನಂತರದ ಪರೀಕ್ಷೆ ಸರಳ. ಸಭೆಯಲ್ಲಿ ಮೂವರು ಸದಸ್ಯೆಯರ ವೈಯಕ್ತಿಕ ಪಾಸ್‌ಬುಕ್ ತೆಗೆದುಕೊಂಡು, ಸಂಘದ ಪುಸ್ತಕದ ಜೊತೆ ಗಟ್ಟಿಯಾಗಿ ಓದಿ ಹೋಲಿಸಿ. ಹೊಂದಿದರೆ ದುಡ್ಡಿನ ಅನುಮಾನವನ್ನು ಸದ್ಯಕ್ಕೆ ಬದಿಗಿಟ್ಟು ಮುಂದೆ ಹೋಗಿ. ಹೊಂದದಿದ್ದರೆ ಕಂತಿನ ಬಗ್ಗೆ ಕೆಳಗೆ ಬರೆದಿರುವ ಭಾಗಕ್ಕೆ ನೇರ ಹೋಗಿ.

ಮಾತಿನ ನಕ್ಷೆ

ಈಗ ಒಂದು ಸಭೆಯಲ್ಲಿ ಮೂಲೆಯಲ್ಲಿ ಕೂತುಕೊಳ್ಳಿ. ಹಾಳೆಯ ಮೇಲೆ ಕೂತವರ ಜಾಗಕ್ಕೆ ಒಂದೊಂದು ಚುಕ್ಕಿ ಇಡಿ. ಯಾರು ಯಾರನ್ನು ನೋಡಿ ಮಾತಾಡಿದರು, ಅದಕ್ಕೊಂದು ಗೆರೆ. ಏನು ಮಾತು ಎಂದು ಬರೆಯಬೇಕಿಲ್ಲ. ಮುಕ್ಕಾಲು ಗಂಟೆಯಲ್ಲಿ ಚಿತ್ರ ಮೂಡುತ್ತದೆ.

ಕೆಲವು ಸಂಘಗಳಲ್ಲಿ ಗೆರೆಗಳೆಲ್ಲ ಒಬ್ಬರ ಹತ್ತಿರವೇ ಸೇರುತ್ತವೆ, ಗಾಡಿಯ ಚಕ್ರದ ಅರೆಗಳು ಗುಂಬಕ್ಕೆ ಸೇರುವ ಹಾಗೆ. ಕೆಲವು ಕಡೆ ಗೆರೆಗಳು ಅಡ್ಡಾದಿಡ್ಡಿ ಹರಡಿರುತ್ತವೆ. ಯಾವುದು ಒಳ್ಳೆಯದು? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಬಾವೆಲಾಸ್ ಮತ್ತು ಹೆರಾಲ್ಡ್ ಲೆವಿಟ್ ಇದನ್ನೇ ಪರೀಕ್ಷಿಸಿದರು. ಲೆವಿಟ್ ಅವರ ಫಲಿತಾಂಶ 1951ರಲ್ಲಿ ಪ್ರಕಟವಾಯಿತು. ಐದು ಜನರನ್ನು ಅಡ್ಡಗೋಡೆಗಳ ನಡುವೆ ಕೂರಿಸಿ, ಚೀಟಿ ಮಾತ್ರ ಕಳಿಸಲು ಬಿಟ್ಟರು. ಎಲ್ಲರ ಕಾರ್ಡಿನಲ್ಲೂ ಇರುವ ಒಂದು ಚಿಹ್ನೆ ಯಾವುದು ಎಂದು ಕಂಡುಹಿಡಿಯಬೇಕು. ಚೀಟಿಗಳೆಲ್ಲ ನಡುವಿನ ಒಬ್ಬರಿಗೇ ಹೋಗುವ ಚಕ್ರದ ಜೋಡಣೆ ಬೇಗ ಉತ್ತರ ಕೊಟ್ಟಿತು. ಆದರೆ ಅಂಚಿನಲ್ಲಿದ್ದವರಿಗೆ ಆ ಕೆಲಸ ಬೇಸರ ತಂದಿತು. ಉಂಗುರದ ಜೋಡಣೆಯಲ್ಲಿ ಪಕ್ಕದ ಇಬ್ಬರಿಗೆ ಮಾತ್ರ ಚೀಟಿ. ಅಲ್ಲಿ ಕೆಲಸ ನಿಧಾನ, ತಪ್ಪು ಜಾಸ್ತಿ, ಜನ ಮಾತ್ರ ಖುಷಿಯಾಗಿದ್ದರು. ಆಮೇಲೆ ಮಾರ್ವಿನ್ ಶಾ ಕಷ್ಟದ ಲೆಕ್ಕಗಳನ್ನು ಕೊಟ್ಟು ನೋಡಿದಾಗ ನಡುವಿನವರ ಮೇಲೆ ಹೊರೆ ಹೆಚ್ಚಾಗಿ, ಹರಡಿಕೊಂಡ ಜೋಡಣೆಯೇ ಮುಂದೆ ಹೋಯಿತು.

ನಮ್ಮ ಸಂಘಕ್ಕೆ ಇದರ ಅರ್ಥ ನೇರವಾಗಿದೆ. ಉಳಿತಾಯ ವಸೂಲಿ, ಹಾಜರಿ, ಬ್ಯಾಂಕಿಗೆ ದುಡ್ಡು ಕಟ್ಟುವುದು, ಇದೆಲ್ಲ ಒಬ್ಬರ ಮೂಲಕ ನಡೆದರೆ ತೊಂದರೆಯಿಲ್ಲ, ಬೇಗ ಮುಗಿಯುತ್ತದೆ. ಯಾರಿಗೆ ಸಾಲ ಕೊಡಬೇಕು, ಕಂತು ತಪ್ಪಿಸಿದವರನ್ನು ಏನು ಮಾಡಬೇಕು, ಹಪ್ಪಳದ ಘಟಕ ಹಾಕಬೇಕೋ ಬೇಡವೋ, ಇವಕ್ಕೆ ಚಕ್ರ ಸಾಲದು. ಇಡೀ ಸಭೆ ಒಂದೇ ಆಕಾರದಲ್ಲಿ ನಡೆಯುತ್ತಿದ್ದರೆ ಅಲ್ಲೇ ದೋಷವಿದೆ.

ಸಂಘದ ಗಾತ್ರವನ್ನೂ ನೋಡಿ. 10 ಜನರಿದ್ದರೆ ಒಬ್ಬರಿಗೊಬ್ಬರ ನಡುವೆ 45 ಜೋಡಿ. 12 ಜನರಿದ್ದರೆ 66. 20 ಜನರಿದ್ದರೆ 190. ಜನ ಎರಡು ಪಟ್ಟಾದರೆ ಜೋಡಿಗಳು ನಾಲ್ಕು ಪಟ್ಟು ದಾಟುತ್ತವೆ. 20 ಜನರ ಸಂಘದಲ್ಲಿ ಎಲ್ಲರ ಮನೆಯ ಸಂಗತಿ ಎಲ್ಲರಿಗೂ ಗೊತ್ತಿರುತ್ತದೆ ಎಂದು ನಂಬಿ ಸಾಲ ಕೊಡುವುದು ಕಷ್ಟ.

ದೋಷ: ಒಬ್ಬರೇ ಮಾತಾಡುತ್ತಾರೆ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು, ತಪ್ಪು ಔಷಧಿ ಬೀಳುವುದೂ ಇದಕ್ಕೇ. ಹೊರಗಿನಿಂದ ಒಂದೇ ತರ ಕಂಡರೂ ಒಳಗೆ ಕನಿಷ್ಠ ಮೂರು ಬೇರೆ ಕಾರಣಗಳಿರುತ್ತವೆ.

ಒಂದು, ಬೇರೆಯವರಿಗೆ ಲೆಕ್ಕ ಗೊತ್ತಿಲ್ಲ. ಪರೀಕ್ಷೆ: ಪ್ರತಿನಿಧಿಯನ್ನು ಬಿಟ್ಟು ಬೇರೆ ಯಾರನ್ನಾದರೂ "ಅಕ್ಕಾ, ಸಂಘದಲ್ಲಿ ಈಗ ಎಷ್ಟು ದುಡ್ಡಿದೆ?" ಎಂದು ಕೇಳಿ. ಅವರು ಪ್ರತಿನಿಧಿಯ ಮುಖ ನೋಡಿದರೆ ಕಾರಣ ಇದೇ. ಪರಿಹಾರ ಅಗ್ಗದ್ದು. ಪ್ರತಿ ಸಭೆ ಶುರುವಾಗುವಾಗ ನಾಲ್ಕು ಅಂಕಿಗಳನ್ನು ಬಾಯಲ್ಲಿ ಹೇಳಬೇಕು: ಬ್ಯಾಂಕಿನಲ್ಲಿ ಎಷ್ಟು, ಕೈಯಲ್ಲಿ ಎಷ್ಟು, ಹೊರಗೆ ಸಾಲ ಎಷ್ಟು, ತಡವಾದ ಕಂತು ಎಷ್ಟು. ಹೇಳುವವರು ಪ್ರತಿವಾರ ಬೇರೆಯಾಗಬೇಕು. ಓದು ಬರದವರು ಮುಂಚೆ ಕೇಳಿಕೊಂಡು ನೆನಪಿನಲ್ಲಿಟ್ಟುಕೊಂಡು ಹೇಳುತ್ತಾರೆ, ಮತ್ತು ಓದುವವರಿಗಿಂತ ಚೆನ್ನಾಗಿ ಹೇಳುತ್ತಾರೆ. ನಾಲ್ಕು ಅಂಕಿ ಎಲ್ಲರ ಬಾಯಿಗೂ ಬಂದ ಮೇಲೆ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ.

ಎರಡು, ಹೆದರಿಕೆ. ಅಂಕಿ ಗೊತ್ತು, ಬಾಯಿ ಬರುವುದಿಲ್ಲ. ಯಾರ ಪಕ್ಕ ಯಾರು ಕೂತಿದ್ದಾರೆ ನೋಡಿ. ಒಂದೇ ಮನೆಯಿಂದ ಒಬ್ಬರು ಮಾತ್ರ ಎಂಬ ನಿಯಮ ಸಂಘಗಳಿಗೆ ಇದೆ. ಬಹಳ ಕಡೆ ಅದನ್ನು ಮುರಿದಿರುತ್ತಾರೆ. ಅತ್ತೆಯ ಎದುರಿಗೆ ಸೊಸೆ ಸಾಲ ಕೇಳುವುದು ಹೇಗೆ? ಅದಕ್ಕಿಂತ ಗಟ್ಟಿಯಾದ ಹೆದರಿಕೆ ಕೂಲಿಯದು. ಯಾರ ಹೊಲಕ್ಕೆ ಕಳೆ ಕೀಳಲು ಹೋಗುತ್ತಾರೋ ಆ ಮನೆಯಾಕೆ ಅದೇ ಚಾಪೆಯ ಮೇಲೆ ಕೂತು "ನಿಂಗೇನಮ್ಮ ಅನ್ಸುತ್ತೆ?" ಎಂದು ಪ್ರೀತಿಯಿಂದಲೇ ಕೇಳಿದರೂ ಉತ್ತರ ಬರುವುದಿಲ್ಲ. ನಾಳೆಯ ಕೂಲಿ ಅವರ ಕೈಯಲ್ಲಿದೆ. ಜಾತಿಯ ಅಂತರವೂ ಇಲ್ಲೇ ಕೆಲಸ ಮಾಡುತ್ತದೆ. ಚಾಪೆಯ ಅಂಚಿನಲ್ಲಿ ಯಾರು ಕೂರುತ್ತಾರೆ, ಚಹಾ ಯಾರು ಹಂಚುತ್ತಾರೆ ಎಂದು ಗಮನಿಸಿದರೆ ಕೇಳಬೇಕಾದ್ದೇ ಇಲ್ಲ. ಇಂಥ ಕಡೆ "ಧೈರ್ಯವಾಗಿ ಮಾತಾಡಿ" ಎನ್ನುವುದು ಏನೂ ಮಾಡುವುದಿಲ್ಲ. ಮಾತಿನ ಬೆಲೆಯನ್ನು ಅವರೇ ತೆರಬೇಕಾಗಿರುವಾಗ ನಾವು ಧೈರ್ಯ ಹೇಳುವುದು ನ್ಯಾಯವೂ ಅಲ್ಲ. ಸಭೆಯ ಜಾಗ ಬದಲಿಸಿ, ಯಾರ ಮನೆಯೂ ಅಲ್ಲದ ಕಡೆ ಕೂರಿ. ಸಾಲದ ಬೇಡಿಕೆಯನ್ನು ಸಭೆಗೆ ಮುಂಚೆಯೇ ಪುಸ್ತಕ ಬರೆಯುವವರ ಹತ್ತಿರ ಬರೆಸುವ ರೂಢಿ ಮಾಡಿ. ಸಾಲ ಯಾರಿಗೆ ಮೊದಲು ಎನ್ನುವುದಕ್ಕೆ ಲಿಖಿತ ನಿಯಮವಿರಲಿ: ಆಸ್ಪತ್ರೆ ಮೊದಲು, ಹಿಂದೆ ಪಡೆಯದವರು ನಂತರ, ಹೀಗೆ ಏನಾದರೂ. ನಿಯಮ ಇದ್ದಾಗ ಕೇಳುವವಳು ಯಾರ ಮುಖದ ಎದುರೂ ಬೇಡಬೇಕಿಲ್ಲ.

ಮೂರು, ಅನುಕೂಲ. ಇದನ್ನು ಒಪ್ಪಿಕೊಳ್ಳುವವರು ಕಡಿಮೆ. ಬ್ಯಾಂಕಿಗೆ ಓಡಾಡಲು, ಕೂಲಿ ಬಿಟ್ಟು ತಾಲ್ಲೂಕಿಗೆ ಹೋಗಲು ಯಾರಿಗೂ ಬೇಡ. ಒಬ್ಬಾಕೆ ಮಾಡುತ್ತಾಳೆ. ವರ್ಷಗಳು ಕಳೆದ ಮೇಲೆ "ಎಲ್ಲ ಅವಳದೇ ದರ್ಬಾರು" ಅನ್ನುತ್ತಾರೆ. ಪರೀಕ್ಷೆ: ಪ್ರತಿನಿಧಿ ಬದಲಾವಣೆಯ ಮಾತೆತ್ತಿ. ಎಲ್ಲರೂ "ಬೇಡ, ಅವಳೇ ಇರಲಿ" ಎಂದರೆ ದರ್ಬಾರು ಮಾಡಿಸಿದ್ದು ಸಂಘವೇ. ಇಲ್ಲಿ ಆಕೆಯನ್ನು ಬೈಯುವುದು ಅನ್ಯಾಯ. ಬ್ಯಾಂಕಿಗೆ ಪ್ರತಿ ಸಲ ಆಕೆಯ ಜೊತೆ ಇನ್ನೊಬ್ಬರು ಹೋಗಲಿ, ಸರದಿಯಂತೆ. ಹೋದವರ ಬಸ್ ಚಾರ್ಜನ್ನು ಸಂಘ ಕೊಡಲಿ. ಆ ಸಣ್ಣ ದುಡ್ಡು ಕೊಡದೆ ಸರದಿ ಹಾಕಿದರೆ ಎರಡನೇ ತಿಂಗಳಿಗೆ ನಿಲ್ಲುತ್ತದೆ.

ದೋಷ: ಸಭೆಯಲ್ಲಿ ಹೂಂ, ಹೊರಗೆ ಊಹೂಂ

ಎಲ್ಲರೂ ತಲೆಯಾಡಿಸಿದರು, ನಿರ್ಣಯ ಬರೆದಾಯಿತು. ಒಂದು ವಾರದಲ್ಲಿ "ನಂಗೆ ಆಗ್ಲೇ ಇಷ್ಟ ಇರ್ಲಿಲ್ಲ" ಎಂದು ನಾಲ್ವರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆಗಲೂ ಇಷ್ಟ ಇರಲಿಲ್ಲ.

ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಬಿಚ್ಚಿ ತೋರಿಸಿತು. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟು ಉದ್ದ ಎಂದು ಹೇಳಬೇಕು. ಮಗುವೂ ಹೇಳಬಹುದಾದ ಉತ್ತರ. ಆದರೆ ಕೂತವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕಂತಲೇ ತಪ್ಪು ಉತ್ತರ ಕೊಡುತ್ತಿದ್ದರು. ಆ ಒಬ್ಬರು ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ಜೊತೆ ಸೇರಿ ತಪ್ಪನ್ನೇ ಹೇಳಿದರು. ನನಗೆ ಮುಖ್ಯ ಅನ್ನಿಸುವುದು ಮುಂದಿನ ಭಾಗ. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಹೇಳಿದಾಗ ಈ ತಪ್ಪು ನೂರಕ್ಕೆ ಐದರ ಆಸುಪಾಸಿಗೆ ಇಳಿಯಿತು. ಜೊತೆಗೆ ಒಬ್ಬರಿದ್ದರೆ ಸಾಕಿತ್ತು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗಲೂ ತಪ್ಪು ಬಹಳ ಕಡಿಮೆಯಾಯಿತು.

ಸಭೆಗೆ ಬೇಕಾದ ಎರಡು ಉಪಾಯ ಇದರಲ್ಲೇ ಇವೆ. ಮಾತಿನ ಸರದಿಯನ್ನು ತಿರುಗಿಸಿ: ಹೊಸಬರು, ಚಿಕ್ಕವರು ಮೊದಲು, ಪ್ರತಿನಿಧಿಗಳು ಕೊನೆಗೆ. ಪ್ರತಿನಿಧಿ ಮೊದಲು ಬಾಯಿಬಿಟ್ಟರೆ ಮಿಕ್ಕವರದ್ದು ಬರೀ ಪ್ರತಿಧ್ವನಿ. ಎರಡನೆಯದು, ಕಷ್ಟದ ನಿರ್ಣಯಕ್ಕೆ ಕಾಳಿನ ಮತ. ಒಂದು ಚೆಂಬು, ಎಲ್ಲರ ಕೈಗೆ ಒಂದು ಹುರುಳಿ ಕಾಳು, ಒಂದು ಜೋಳದ ಕಾಳು. ಒಪ್ಪಿಗೆಯಾದರೆ ಜೋಳ, ಇಲ್ಲದಿದ್ದರೆ ಹುರುಳಿ. ಸೆರಗಿನ ಮರೆಯಲ್ಲಿ ಹಾಕಲಿ. ಅಕ್ಷರ ಬೇಕಿಲ್ಲ. ಹುರುಳಿ ಕಾಳು ಮೂರು ಬಿದ್ದರೂ ಆ ದಿನ ನಿರ್ಣಯ ಬರೆಯಬೇಡಿ, ಮುಂದಿನ ವಾರಕ್ಕೆ ಇಡಿ. ಹಾಕಿದ್ದು ಯಾರು ಎಂದು ಹುಡುಕಲು ಹೋದರೆ ಈ ಉಪಾಯ ಅಲ್ಲಿಗೇ ಸತ್ತಂತೆ.

ಇದರ ಪಕ್ಕದಲ್ಲೇ ಇನ್ನೊಂದಿದೆ. ಜನ ಹೆದರಿರುವುದಿಲ್ಲ, ಆದರೂ ಗೊತ್ತಿದ್ದನ್ನು ಹೇಳುವುದಿಲ್ಲ. ಸಂಘವೊಂದು ಒಟ್ಟಿಗೆ ಹಸು ಕೊಳ್ಳುತ್ತದೆ ಅನ್ನಿ. ಆ ಹಸುವಿಗೆ ಹಿಂದೆ ಕೆಚ್ಚಲುಬಾವು ಬಂದಿತ್ತು ಎಂದು ಒಬ್ಬರಿಗೆ ಗೊತ್ತು. ಹಾಲಿನ ಡೇರಿಯಲ್ಲಿ ಈಗ ಎಷ್ಟು ಸಿಗುತ್ತಿದೆ ಎಂದು ಇನ್ನೊಬ್ಬರಿಗೆ ಗೊತ್ತು. ಸಭೆಯಲ್ಲಿ ಮಾತಾಡಿದ್ದು ಎಲ್ಲರಿಗೂ ಗೊತ್ತಿದ್ದ ಬೆಲೆಯನ್ನು ಮಾತ್ರ. ಗ್ಯಾರಲ್ಡ್ ಸ್ಟ್ಯಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ತೋರಿಸಿದ್ದು ಇದನ್ನೇ. ಗುಂಪುಗಳು ಎಲ್ಲರಿಗೂ ಮೊದಲೇ ಗೊತ್ತಿದ್ದರ ಸುತ್ತ ಸುತ್ತುತ್ತವೆ, ಒಬ್ಬೊಬ್ಬರಲ್ಲೇ ಉಳಿದ ಸಂಗತಿ ಹೊರಬರುವುದಿಲ್ಲ. ಹಾಗಾಗಿ "ಎಲ್ಲರಿಗೂ ಒಪ್ಪಿಗೆನಾ?" ಎಂಬ ಪ್ರಶ್ನೆಯನ್ನು ಬಿಟ್ಟು "ಬೇರೆಯವರಿಗೆ ಗೊತ್ತಿಲ್ಲದ್ದು ನಿಮಗೇನು ಗೊತ್ತು?" ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ.

ದೋಷ: ಕಂತು ನಿಂತಿದೆ

ಇಲ್ಲಿ ಅವಸರ ಬೇಡ. ಕಟ್ಟಲಾಗದವರು, ಕಟ್ಟಲು ಮನಸ್ಸಿಲ್ಲದವರು, ಎಷ್ಟು ಕಟ್ಟಬೇಕೆಂದೇ ಸರಿಯಾಗಿ ಗೊತ್ತಿಲ್ಲದವರು, ಮೂವರೂ ಪುಸ್ತಕದಲ್ಲಿ ಒಂದೇ ತರ ಕಾಣುತ್ತಾರೆ.

ಮೂರನೆಯವರಿಂದ ಶುರು ಮಾಡಿ. ಬಡ್ಡಿಯ ಲೆಕ್ಕದಲ್ಲಿ ಆಗುವ ಜಗಳ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. 10,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ, ಹತ್ತು ಕಂತು ಎಂದುಕೊಳ್ಳಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 200, ಕೊನೆಯ ತಿಂಗಳು 20, ಒಟ್ಟು 1,100. ಮೊದಲ ಅಸಲಿನ ಮೇಲೇ ಕೊನೆಯವರೆಗೂ ಹಾಕಿದರೆ 2,000. ವ್ಯತ್ಯಾಸ 900 ರೂಪಾಯಿ. ಸದಸ್ಯೆ ಒಂದು ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡಿರುತ್ತಾಳೆ, ಪುಸ್ತಕ ಬರೆಯುವವರು ಇನ್ನೊಂದು ಬರೆದಿರುತ್ತಾರೆ. ಇಬ್ಬರೂ ಪ್ರಾಮಾಣಿಕರು. ಊರಿಗೆ ಮಾತ್ರ ಒಬ್ಬಳು ಬಾಕಿದಾರಳು, ಇನ್ನೊಬ್ಬಳು ಕಳ್ಳಿ. ಸಾಲ ಕೊಡುವ ದಿನವೇ ಕೊನೆಯ ಕಂತಿನವರೆಗೆ ಎಷ್ಟಾಗುತ್ತದೆ ಎಂದು ಎಲ್ಲರೆದುರು ಓದಿ, ಆಕೆಯ ಪಾಸ್‌ಬುಕ್ಕಿನಲ್ಲಿ ಬರೆದುಕೊಟ್ಟರೆ ಈ ಜಗಳಕ್ಕೆ ಜಾಗವೇ ಇರುವುದಿಲ್ಲ.

ಕಟ್ಟಲಾಗದವರನ್ನು ಸಭೆಯಲ್ಲಿ ನಿಲ್ಲಿಸಿ ಕೇಳಬೇಡಿ. ಮನೆಗೆ ಹೋಗಿ, ಇಬ್ಬರೇ ಹೋಗಿ. ಹೊರಗಿನ ಮೈಕ್ರೋಫೈನಾನ್ಸ್ ಕಂತುಗಳು ಎಷ್ಟಿವೆ ಎಂದು ಮೆತ್ತಗೆ ಕೇಳಿ. ಆ ವಸೂಲಿಯ ಕಿರುಕುಳ ಎಷ್ಟಾಗಿತ್ತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಾಗಿಲಿಗೆ ಬಂದು ಕೂರುವವರಿಗೆ ಮೊದಲು ದುಡ್ಡು ಹೋಗುತ್ತದೆ, ಸಂಘದ ಕಂತು ಹಿಂದೆ ಬೀಳುತ್ತದೆ. ಸಂಘಕ್ಕೆ ಇದು ಮುಂಚೆ ಗೊತ್ತಾಗಿದ್ದರೆ ಕಂತನ್ನು ಚಿಕ್ಕದು ಮಾಡಬಹುದಿತ್ತು. ಆಕೆ ಹೇಳಲಿಲ್ಲ, ಯಾಕೆಂದರೆ ಹೇಳಿದರೆ ಸಂಘದ ಸಾಲ ಸಿಗುವುದಿಲ್ಲ ಎಂದು ಗೊತ್ತಿತ್ತು. ಇದನ್ನು ಬಿಡಿಸದೆ ದಂಡ ಹಾಕಿದರೆ ಆಕೆ ಸಭೆಗೆ ಬರುವುದನ್ನೇ ಬಿಡುತ್ತಾಳೆ.

ಪುಸ್ತಕಗಳು ನಿಜವಾಗಿ ಹೊಂದದಿದ್ದರೆ? ಆಗ ನಗದು ಎಲ್ಲಿರುತ್ತದೆ ಎಂದು ನೋಡಿ. ಒಬ್ಬರ ಮನೆಯ ಡಬ್ಬಿಯಲ್ಲಿ, ಒಬ್ಬರದೇ ಬೀಗದಲ್ಲಿ ಇದ್ದರೆ ಎಂಥ ಒಳ್ಳೆಯವರ ಮೇಲೂ ಅನುಮಾನ ಬರುತ್ತದೆ. ನೈಜರ್ ದೇಶದಲ್ಲಿ 1991ರಲ್ಲಿ ಶುರುವಾಗಿ ಆಫ್ರಿಕಾದಲ್ಲಿ ಹರಡಿದ ಹಳ್ಳಿ ಉಳಿತಾಯ ಗುಂಪುಗಳಲ್ಲಿ ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ ಮೂವರ ಹತ್ತಿರ, ತೆರೆಯುವುದು ಸಭೆಯಲ್ಲಿ ಮಾತ್ರ. ನಮ್ಮಲ್ಲಿ ಬ್ಯಾಂಕ್ ಖಾತೆ ಇರುವುದರಿಂದ ಪೆಟ್ಟಿಗೆ ಬೇಡ. ಸಭೆಯ ಮರುದಿನವೇ ದುಡ್ಡು ಖಾತೆಗೆ ಹೋಗಲಿ, ರಸೀದಿ ಮುಂದಿನ ಸಭೆಯಲ್ಲಿ ಕೈಯಿಂದ ಕೈಗೆ ಸುತ್ತಲಿ. ಇಷ್ಟಾದ ಮೇಲೂ ಲೆಕ್ಕ ಹೊಂದದಿದ್ದರೆ ನಿಮ್ಮ ಸಂಘ ಸೇರಿರುವ ಸಂಘಗಳ ಒಕ್ಕೂಟದಿಂದ ಲೆಕ್ಕ ಪರಿಶೋಧನೆ ಕೇಳಿ. ಅದು ಅವಮಾನವಲ್ಲ. ದುಡ್ಡು ಮುಟ್ಟದ ಪ್ರತಿನಿಧಿಗೆ ಅದಕ್ಕಿಂತ ದೊಡ್ಡ ರಕ್ಷಣೆಯೇ ಇಲ್ಲ.

ದೋಷ: ಇಬ್ಬರು ದುಡಿಯುತ್ತಾರೆ, ಹತ್ತು ಜನ ಪಾಲು ಕೇಳುತ್ತಾರೆ

ರೊಟ್ಟಿ, ಚಟ್ನಿಪುಡಿ, ಹಪ್ಪಳ ಎಂದು ಒಟ್ಟಿಗೆ ಕೆಲಸ ಹಿಡಿದ ಸಂಘಗಳಲ್ಲಿ ಇದು ಬಂದೇ ಬರುತ್ತದೆ. ಉಳಿದವರು ಸೋಮಾರಿಗಳು ಎಂದು ತೀರ್ಮಾನಿಸುವ ಮುಂಚೆ ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ 1913ರಲ್ಲಿ ಪ್ರಕಟಿಸಿದ್ದನ್ನು ನೋಡಿ. ಹಗ್ಗ ಎಳೆಯುವಾಗ ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಎಳೆತ ಕಡಿಮೆಯಾಯಿತು. ಎಂಟು ಜನ ಸೇರಿದಾಗ ಒಬ್ಬೊಬ್ಬರು ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಹಾಕುತ್ತಿದ್ದರು. 1979ರಲ್ಲಿ ಬಿಬ್ ಲಟಾನೆ ಮತ್ತು ಜೊತೆಗಾರರು ಚಪ್ಪಾಳೆ, ಕೂಗಿನ ಮೇಲೆ ಇದನ್ನೇ ನೋಡಿದರು. ಆರು ಜನರ ಗುಂಪಿನಲ್ಲಿ ಒಬ್ಬೊಬ್ಬರ ಸದ್ದು, ಒಂಟಿಯಾಗಿದ್ದಾಗಿನ ಸದ್ದಿನ ನೂರಕ್ಕೆ ನಲವತ್ತರಷ್ಟಿತ್ತು. ಆಮೇಲಿನ ಪ್ರಯೋಗಗಳಲ್ಲಿ ಒಬ್ಬೊಬ್ಬರ ಸದ್ದನ್ನೂ ಬೇರೆಯಾಗಿ ಅಳೆಯುತ್ತೇವೆ ಎಂದು ಹೇಳಿದಾಗ ಈ ಜಾರಿಕೆ ನಿಂತಿತು.

ಪರಿಹಾರ ಅದರಲ್ಲೇ ಇದೆ. "ಎಲ್ಲರೂ ಸೇರಿ ಮಾಡೋಣ" ಎಂಬ ನಿರ್ಣಯ ಬರೆಯಬೇಡಿ. ಮೆಣಸಿನಕಾಯಿ ತರುವವರು ಯಾರು, ಹುರಿಯುವವರು ಯಾರು, ತೂಕ ಹಾಕಿ ಪ್ಯಾಕ್ ಮಾಡುವವರು ಯಾರು, ಸಂತೆಯಲ್ಲಿ ಕೂರುವವರು ಯಾರು ಎಂದು ಹೆಸರು ಬರೆಯಿರಿ. ದುಡಿದ ಗಂಟೆಗೆ ಕೂಲಿ ಬೇರೆ, ಲಾಭದ ಪಾಲು ಬೇರೆ. ಮೊದಲು ಕೂಲಿ ಕಳೆದು ಆಮೇಲೆ ಪಾಲು ಹಂಚಿದರೆ ದುಡಿದವರ ಹೊಟ್ಟೆಯುರಿ ಆರುತ್ತದೆ.

ವಾಟ್ಸಾಪ್ ಗುಂಪು

ಸಭೆಯ ಸಮಯ ತಿಳಿಸಲು, ಬ್ಯಾಂಕಿನ ರಸೀದಿಯ ಫೋಟೊ ಹಾಕಲು ಇಟ್ಟುಕೊಳ್ಳಿ. ಸಾಲದ ನಿರ್ಣಯ ಅಲ್ಲಿ ಬೇಡ. ಬಹಳ ಮನೆಗಳಲ್ಲಿ ಆ ಫೋನ್ ಮಗನದ್ದೋ ಗಂಡನದ್ದೋ ಆಗಿರುತ್ತದೆ. ಫೋನೇ ಇಲ್ಲದ ಇಬ್ಬರು ಇದ್ದೇ ಇರುತ್ತಾರೆ, ಮತ್ತು ಆ ಇಬ್ಬರೇ ಸಭೆಯಲ್ಲೂ ಅಂಚಿನಲ್ಲಿ ಕೂರುವವರು.

ರಿಪೇರಿ ಆಗದ ಸಂಘ

ಕೆಲವು ಸಂಘಗಳು ಕೆಟ್ಟಿದ್ದಲ್ಲ, ಸಂಘವೇ ಆಗಿರಲಿಲ್ಲ. ಯಾವುದೋ ಯೋಜನೆಯ ಗುರಿ ಮುಟ್ಟಲು ಪಟ್ಟಿ ಹಿಡಿದು ಹನ್ನೆರಡು ಹೆಸರು ಬರೆಸಿರುತ್ತಾರೆ. ಸಬ್ಸಿಡಿ ಬಂದ ಮೇಲೆ ಸಭೆ ನಿಲ್ಲುತ್ತದೆ. ಪರೀಕ್ಷೆ: ಸಂಘ ಸೇರುವ ಮುಂಚೆ ನಿಮ್ಮಲ್ಲಿ ಯಾರು ಯಾರಿಗೆ ಕೈಸಾಲ ಕೊಡುತ್ತಿದ್ದಿರಿ, ಮಗು ನೋಡಿಕೊಳ್ಳುತ್ತಿದ್ದಿರಿ ಎಂದು ಕೇಳಿ. ಯಾರೂ ಯಾರಿಗೂ ಕೊಟ್ಟಿರದಿದ್ದರೆ ಆ ನಂಬಿಕೆಯನ್ನು ತರಬೇತಿ ಕೊಟ್ಟು ತರಲಾಗುವುದಿಲ್ಲ. ಉಳಿತಾಯ, ಬಡ್ಡಿಯ ಪಾಲು ಲೆಕ್ಕ ಹಾಕಿ, ಬ್ಯಾಂಕ್ ಸಾಲ ತೀರಿಸಿ, ಎಲ್ಲರೆದುರು ಹಂಚಿ, ಗೌರವವಾಗಿ ಮುಚ್ಚಿ. ತಮಗೆ ಹೊಂದುವವರ ಜೊತೆ ಮತ್ತೆ ಸೇರಿಕೊಳ್ಳಲಿ. ಮೈರಾಡದವರು ಕಂಡ ಆ ಗುಂಪುಗಳೂ ಹೀಗೆ ತಾವಾಗಿ ಕೂಡಿಕೊಂಡವೇ.

ಸರಿಯಾಯಿತೋ ಇಲ್ಲವೋ

ಮೇಲಿನ ಯಾವುದನ್ನೇ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಜಾಗ, ಸರದಿ, ಪ್ರತಿನಿಧಿ, ನಿಯಮ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ, ಜನರಿಗೂ ಸುಸ್ತು. ನಾಲ್ಕು ಸಭೆ ಬಿಟ್ಟು ಮಾತಿನ ನಕ್ಷೆಯನ್ನು ಮತ್ತೆ ಬರೆಯಿರಿ, ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಹೊಸ ಚುಕ್ಕಿಗಳಿಂದ ಗೆರೆ ಹೊರಟಿದೆಯಾ? ನಡಾವಳಿಯಲ್ಲಿ ಒಂದಾದರೂ ಭಿನ್ನಾಭಿಪ್ರಾಯ ಬರೆದಿದ್ದಾರಾ? ಬಾವಿಕಟ್ಟೆಯ ಸಭೆ ಚಿಕ್ಕದಾಗಿದೆಯಾ?

ಕೊನೆಯ ಪರೀಕ್ಷೆಗೆ ಪ್ರತಿನಿಧಿಗಳ ಒಪ್ಪಿಗೆ ಬೇಕು. ಇಬ್ಬರೂ ಒಂದು ವಾರ ಸಭೆಗೆ ಬರದೆ ಇರಲಿ. ಮಿಕ್ಕವರು ತಾವೇ ಕೂತು, ಹಾಜರಿ ಹಾಕಿ, ನಾಲ್ಕು ಅಂಕಿ ಹೇಳಿ, ಉಳಿತಾಯ ಎಣಿಸಿ, ಪುಸ್ತಕ ಬರೆಸಿ ಎದ್ದರೆ ಸಂಘ ನಡೆಯುತ್ತಿದೆ. "ಅವರು ಬಂದ ಮೇಲೆ ನೋಡೋಣ" ಎಂದು ಎದ್ದುಹೋದರೆ, ಒಬ್ಬರೇ ಮಾತಾಡುವ ದೋಷದ ಮೂರು ಕಾರಣಗಳನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಿ. ಈ ಸಲ ಮೂರನೆಯ ಕಾರಣದಿಂದ ಶುರು ಮಾಡಿ.